ಗೋಯಾನ ಯುದ್ಧದ ಎಚಿಂಗ್‌ಗಳನ್ನು ನೋಡುವುದು ಹೇಗೆ

ಮೊದಲನೇ ಮಾತು, ಇಡೀ ಸರಣಿಯನ್ನು ಒಂದೇ ಸಲ ನೋಡಬೇಡಿ. ಸ್ಪೇನಿನ ಚಿತ್ರಕಾರ ಗೋಯಾನ ‘ಯುದ್ಧದ ಅನಾಹುತಗಳು’ ಸರಣಿಯಲ್ಲಿ ಎಂಬತ್ತಕ್ಕೂ ಜಾಸ್ತಿ ಎಚಿಂಗ್‌ಗಳಿವೆ, ಅಂದರೆ ಲೋಹದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚು ಹಾಕಿದ ಚಿತ್ರಗಳು. ಇಪ್ಪತ್ತು ದಾಟುವಷ್ಟರಲ್ಲಿ ಮನಸ್ಸು ಮರಗಟ್ಟುತ್ತದೆ, ಆಮೇಲೆ ಹೆಣ ಕಂಡರೂ ಏನೂ ಅನ್ನಿಸುವುದಿಲ್ಲ. ದಿನಕ್ಕೆ ಎರಡು ಮೂರು ಸಾಕು.

ಹಿನ್ನೆಲೆ ಇಷ್ಟು ಗೊತ್ತಿರಲಿ. 1808ರಲ್ಲಿ ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ನನ ಸೇನೆಯ ವಿರುದ್ಧ ಸ್ಪೇನಿನ ಜನ ತಿರುಗಿಬಿದ್ದರು, ಕಾದಾಟ 1814ರವರೆಗೆ ನಡೆಯಿತು. ಗೋಯಾ 1810ರಿಂದ ಸುಮಾರು ಹತ್ತು ವರ್ಷ ಇವನ್ನು ತಾಮ್ರದ ತಗಡಿನ ಮೇಲೆ ಮಾಡುತ್ತಾ ಹೋದ. ಸರಣಿ ಅಚ್ಚಾಗಿ ಹೊರಬಂದಿದ್ದು 1863ರಲ್ಲಿ, ಅವನು ಸತ್ತು 35 ವರ್ಷ ಆದಮೇಲೆ.

ಶುರುವಿಗೆ 2 ಮತ್ತು 3ನೇ ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಎರಡನೆಯದರಲ್ಲಿ ಬಯೋನೆಟ್ (ಬಂದೂಕಿನ ತುದಿಗೆ ಸಿಕ್ಕಿಸಿದ ಚೂರಿ) ಹಿಡಿದ ಫ್ರೆಂಚ್ ಸೈನಿಕರು, ಎದುರಿಗೆ ಈಟಿ, ಚಾಕು ಹಿಡಿದ ಸಾಮಾನ್ಯ ಜನ. ನಮ್ಮ ಮನಸ್ಸು ತಕ್ಷಣ ಬಡವರ ಕಡೆ ವಾಲುತ್ತದೆ, ಅಲ್ವಾ? ಈಗ ಮೂರನೆಯದು ನೋಡಿ. ಅಲ್ಲಿ ಕೊಡಲಿ ಎತ್ತಿದವನು ಸ್ಪೇನಿನವನು, ಕೆಳಗೆ ಬಿದ್ದವನು ಸೈನಿಕ. ಎರಡನೆಯದರ ಅಡಿಬರಹ ‘ಕಾರಣ ಇದ್ದರೂ ಇಲ್ಲದಿದ್ದರೂ’, ಮೂರನೆಯದಕ್ಕೆ ಸುಮ್ನೆ ‘ಅದೇ’. ಈ ಒಂದು ಪದದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಯಾಕೆಂದರೆ ಅದು ಗೋಯಾ ತನ್ನ ಸ್ವಂತ ದೇಶದವರ ಬಗ್ಗೆಯೇ ಬರೆದ ಪದ.

ವೀರರನ್ನು ಹುಡುಕಿ ನೋಡಿ, ಅದೂ ಒಂದು ದಾರಿ. 7ನೇ ಚಿತ್ರದಲ್ಲಿ ಒಬ್ಬಳು ಸಿಗುತ್ತಾಳೆ, ಹೆಣಗಳ ಮೇಲೆ ನಿಂತು ಫಿರಂಗಿ ಹಾರಿಸುತ್ತಿರುವ ಹೆಂಗಸು. ಆದರೆ ಅವಳು ನಮಗೆ ಬೆನ್ನು ಹಾಕಿದ್ದಾಳೆ, ಮುಖವೇ ಕಾಣುವುದಿಲ್ಲ. ಮುಖ ತೋರಿಸಿದ್ದರೆ ಅದು ಪೋಸ್ಟರ್ ಆಗಿಬಿಡುತ್ತಿತ್ತು ಅನ್ನುವುದು ನನ್ನ ನಂಬಿಕೆ.

26ನೆಯದಕ್ಕೆ ಬಂದಾಗ ಅಂಚುಗಳನ್ನು ಬಿಡಬೇಡಿ. ನಡುವೆ ಜನ ಮಂಡಿಯೂರಿ ಬೇಡಿಕೊಳ್ಳುತ್ತಿದ್ದಾರೆ. ಕೊಲ್ಲುವವರು ಚಿತ್ರದೊಳಗೆ ಇಲ್ಲವೇ ಇಲ್ಲ. ಬಲಗಡೆಯ ಅಂಚಿನಿಂದ ಬಯೋನೆಟ್‌ಗಳ ತುದಿ ಮಾತ್ರ ಒಳಗೆ ಚಾಚಿವೆ. ಬಲಗಡೆಯನ್ನು ಒಮ್ಮೆ ಬೆರಳಿಂದ ಮುಚ್ಚಿ, ಆಮೇಲೆ ತೆಗೆಯಿರಿ. ಇದರ ಅಡಿಬರಹದಲ್ಲಿ ಗೋಯಾ ‘ನೋಡಲಾಗದು’ ಎಂದು ಯಾಕೆ ಬರೆದ ಅಂತ ಆಗ ಗೊತ್ತಾಗುತ್ತದೆ.

ಝೂಮ್ ಮಾಡುವ ಮುಂಚೆ ಗೆರೆ ಹುಟ್ಟುವ ರೀತಿ ತಿಳಿದಿರಬೇಕು. ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಇಟ್ಟರೆ ಗೀಚಿದ ಕಡೆ ಮಾತ್ರ ತಾಮ್ರ ಕೊರೆಯುತ್ತದೆ, ಶಾಯಿ ಕೂರುವುದು ಆ ಗುಂಡಿಗಳಲ್ಲಿ. ಹಾಗಾಗಿ ಹೊಳೆಯುವ ಬಿಳಿ ಬಣ್ಣವಲ್ಲ, ಬರಿಯ ಕಾಗದ. ಚಿತ್ರಗಳೂ ಚಿಕ್ಕವು, ಹೆಚ್ಚಿನವು ಒಂದು ಪುಸ್ತಕದ ಪುಟದಷ್ಟೇ. ಪರದೆ ತುಂಬ ಹಿಗ್ಗಿಸಿದರೆ ಆ ಹತ್ತಿರದ ಭಾವ ಹೋಗುತ್ತದೆ.

ಕೊನೆಗೆ 36ನೆಯದನ್ನು ಇಟ್ಟುಕೊಳ್ಳಿ. ನೇಣಿಗೆ ಹಾಕಿದ ಒಬ್ಬ ಮನುಷ್ಯ, ಪ್ಯಾಂಟು ಕಾಲಿನವರೆಗೆ ಜಾರಿದೆ. ಎದುರಿಗೆ ಒಬ್ಬ ಸೈನಿಕ ಕಲ್ಲಿಗೆ ಒರಗಿ, ಕೈಯನ್ನು ಕೆನ್ನೆಗೆ ಊರಿಕೊಂಡು ಕೂತಿದ್ದಾನೆ. ಮೊದಲು ಹೆಣವನ್ನು ಬಿಟ್ಟು ಆ ಕೈಯನ್ನು ನೋಡಿ. ಊಟ ಮುಗಿಸಿ ಹರಟೆ ಕೇಳುತ್ತಾ ಕೂತವನ ಕೈ ಅದು.