ಸಿಲಬಸ್ ಹಿಂದೆ ಅಂಟಿಸುವ ಆ ನಾಲ್ಕು ಪುಟ

ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಸೆಮಿಸ್ಟರ್ ಶುರುವಾದಾಗ ಲೆಸನ್ ಪ್ಲಾನ್ ಬರೆಯುವುದಕ್ಕೆ ಅರ್ಧ ದಿನ ಸಾಕು. ಅದರ ಹಿಂದೆ ಅಂಟಿಸುವ ನಿಯಮಗಳಿಗೆ ಎರಡು ದಿನ! ಹಾಜರಾತಿ 75 ಪರ್ಸೆಂಟ್, ಇಂಟರ್ನಲ್ಸ್ ಲೆಕ್ಕ, ಅಸೈನ್‌ಮೆಂಟ್ ತಡವಾದರೆ ಏನು, ಕಾಪಿ ಹೊಡೆದರೆ ಏನು, ಯುಜಿಸಿಯ 2009ರ ರ‍್ಯಾಗಿಂಗ್ ನಿಯಮ, 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅದಕ್ಕೂ ಒಂದು ಪ್ಯಾರಾ. ನಾಲ್ಕು ಪೇಪರ್ ಇದ್ದರೆ ನಾಲ್ಕು ಫೈಲ್.

ಎಡವಿದ್ದು 2024ರಲ್ಲಿ. ನಾಲ್ಕು ವರ್ಷದ ಡಿಗ್ರಿಗೂ ದಾರಿ ಮಾಡಿದ್ದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) 2021-22ರಲ್ಲಿ ಬಂದಿತ್ತು, ಪರೀಕ್ಷೆಗೆ 60 ಅಂಕ, ಇಂಟರ್ನಲ್ಸ್‌ಗೆ 40. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಹೋಯಿತು, ಹೊಸಬರಿಗೆ ಒಂದು ಲೆಕ್ಕ, ಹಳಬರಿಗೆ ಇನ್ನೊಂದು. ನಾನು ಹಳೇ ಫೈಲನ್ನೇ ಕಾಪಿ ಪೇಸ್ಟ್ ಮಾಡಿ ಹಂಚಿಬಿಟ್ಟೆ. ತಿಂಗಳಾದ ಮೇಲೆ ಪಾಂಡವಪುರದ ಕಡೆಯಿಂದ ಬರುವ ಒಬ್ಬ ಹುಡುಗಿ, ನಾಲ್ಕು ಮಡಿಕೆ ಮಾಡಿಟ್ಟಿದ್ದ ಹಾಳೆ ಬಿಚ್ಚಿ, 40ರ ಕೆಳಗೆ ಎಳೆದಿದ್ದ ಗೆರೆ ತೋರಿಸಿ, 'ಸರ್, ನೋಟಿಸ್ ಬೋರ್ಡಲ್ಲಿ ಬೇರೆ ಇದೆ, ಯಾವುದನ್ನ ನಂಬಲಿ?' ಅಂದಳು. ಹಾಳೆಯ ಅಡಿಯಲ್ಲಿ ಇನ್ನೂ 2021 ಅಂತಲೇ ಇತ್ತು.

ಆ ಭಾನುವಾರ ಕೆಂಪು ಪೆನ್ನು, ನೀಲಿ ಪೆನ್ನು ಹಿಡಿದು ಕೂತೆ. ಮೇಲಿನಿಂದ ಬಂದ ನಿಯಮ ಕೆಂಪು, ನಾನೇ ಮಾಡಿಕೊಂಡಿದ್ದು ನೀಲಿ. ನನ್ನದು ಅಂತ ಉಳಿದಿದ್ದು ಏಳೇ ಸಾಲು! ಕೆಂಪಿನಲ್ಲೂ ತಪ್ಪಿತ್ತು. ಅಂಗವಿಕಲ ವಿದ್ಯಾರ್ಥಿಗಳಿಗೆ ಅರ್ಧ ಗಂಟೆ ಜಾಸ್ತಿ ಕೊಡುತ್ತೇವೆ ಅಂತ ವರ್ಷಗಟ್ಟಲೆ ಬರೆದಿದ್ದೆ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿರುವುದು ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪೇಪರಿಗೆ ಪೂರ್ತಿ ಒಂದು ಗಂಟೆ.

ಕೆಂಪಿನದ್ದನ್ನೆಲ್ಲ ಒಂದೇ ಹಾಳೆಗೆ ಹಾಕಿ, ಯಾವ ಬ್ಯಾಚಿಗೆ ಯಾವುದು ಅಂತ ಬರೆದು, ಮೇಲೆ ದಿನಾಂಕ ಹಾಕಿದೆ. ಪ್ರತಿ ಪ್ಲಾನಿನಲ್ಲಿ 'ವಿಭಾಗದ ನಿಯಮ ಹಾಳೆ ನೋಡಿ' ಅನ್ನುವ ಒಂದು ಸಾಲು. ಲಿಂಕ್ ಕಳಿಸಿ ಸುಮ್ನೆ ಕೂತರೆ ಯಾರೂ ತೆರೆಯಲ್ಲ, ಹಾಗಾಗಿ ಸ್ಟಾಫ್ ರೂಮಿನ ಬಾಗಿಲ ಪಕ್ಕ ಪ್ರಿಂಟ್ ಅಂಟಿಸಿದ್ದೇನೆ.

ನೀಲಿಯಲ್ಲೂ ಕತ್ತರಿ ಆಡಿಸಿದೆ. ಅಸೈನ್‌ಮೆಂಟ್ ತಡವಾದರೆ ರಜಾ ಚೀಟಿ ತರಬೇಕು ಅನ್ನುವ ನಿಯಮ ನನ್ನದೇ, ಆ ಚೀಟಿಗಳನ್ನೆಲ್ಲ ಓದುವ ಕರ್ಮವೂ ನನ್ನದೇ ಅಲ್ವಾ? ಬಸ್ಸು ತಪ್ಪಿತು, ಆಲೆಮನೆಯಲ್ಲಿ ಕೆಲಸವಿತ್ತು, ಅಜ್ಜಿ ಮೂರನೇ ಸಲ ತೀರಿಕೊಂಡರು. ಈಗ ಎಲ್ಲರಿಗೂ ಎರಡು ದಿನ ಬಿಟ್ಟಿ, ಕಾರಣ ಕೇಳಲ್ಲ.

ಈ ಸೆಮಿಸ್ಟರ್ ಕೆಲಸ ಮುಗಿದಿದ್ದು ಮುಕ್ಕಾಲು ಗಂಟೆಯಲ್ಲಿ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನವರ ಫೈಲಿಗೆ ಮಾತ್ರ ಪ್ರತಿ ಪೇಪರಿನ ಹಿಂದೆಯೂ ಪೂರ್ತಿ ನಿಯಮ ಇರಲೇಬೇಕಂತೆ. ಇರಲಿ, ಜೆರಾಕ್ಸ್ ಅಂಗಡಿ ಗೇಟಿನ ಎದುರೇ ಇದೆ.