ಓಟಿ (ಓವರ್‌ಟೈಮ್) ನೋಡಿ ಎಣ್ಣೆ ತರುವ ಲೆಕ್ಕ

ಪುಣೆ ಹತ್ತಿರದ ಭೋಸರಿಯಲ್ಲಿ ನನ್ನ ಕಿರಾಣಿ ಅಂಗಡಿಗೆ ಹತ್ತಿರ ಹದಿನಾಲ್ಕು ವರ್ಷ. ಗಿರಾಕಿಗಳು ಮುಕ್ಕಾಲು ಪಾಲು ಇಲ್ಲಿನ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ದುಡಿಯುವವರು, ಅದರಲ್ಲೂ ನಮ್ಮ ಕಲಬುರಗಿ, ವಿಜಯಪುರ ಕಡೆಯವರು ಜಾಸ್ತಿ. ಉದ್ರಿ ವಹಿ, ಅಂದರೆ ಸಾಲದ ಲೆಕ್ಕದ ಪುಸ್ತಕ, ನೋಡಿ ಮಾಲು ತರಿಸುತ್ತೇನೆ ಅಂದಾಗ ಅಣ್ಣ ನಕ್ಕಿದ್ದ. "ತಮ್ಮಾ, ವಹಿ ಇರೋದು ವಸೂಲಿಗೆ, ಭವಿಷ್ಯ ಹೇಳಾಕಲ್ಲ." ಈಗ ಚಿಂಚವಡದ ತನ್ನ ಅಂಗಡಿಯಲ್ಲಿ ಅವನೂ ಅದನ್ನೇ ಮಾಡುತ್ತಿದ್ದಾನೆ.

ಮೊದಲು ನಾನೂ ಪೆಟ್ಟು ತಿಂದವನೇ. 2017ರ ದೀಪಾವಳಿ. ಕಾನೂನಿನ ಬೋನಸ್ ಕಡಿಮೆ ಅಂದರೂ ವರ್ಷದ ಪಗಾರದ 8.33 ಪರ್ಸೆಂಟ್, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಪಗಾರದ ಲೆಕ್ಕ. ಕೈಯಲ್ಲಿ ದುಡ್ಡಿದ್ದರೆ ಎಲ್ಲಾನೂ ಜಾಸ್ತಿ ಒಯ್ಯುತ್ತಾರೆ ಅಂತ ಮಾರ್ಕೆಟ್ ಯಾರ್ಡಿನಿಂದ ಅಕ್ಕಿ, ಗೋಧಿ ಹಿಟ್ಟು ಡಬಲ್ ತಂದೆ. ಬೋನಸ್ ಬಂತೆಂದು ಯಾರೂ ಎರಡು ತುತ್ತು ಹೆಚ್ಚಿಗೆ ಉಣ್ಣಲಿಲ್ಲ. ಕೇಳಿದ್ದು ತುಪ್ಪ, ಗೋಡಂಬಿ, ಒಳ್ಳೆ ಸೋಪು. ನನ್ನಲ್ಲಿ ತುಪ್ಪ ಇದ್ದದ್ದೇ ನಾಲ್ಕು ಡಬ್ಬಿ! ಸಂಕ್ರಾಂತಿ ಹೊತ್ತಿಗೆ ಅಕ್ಕಿಯಲ್ಲಿ ಹುಳ. ಹದಿನೆಂಟೋ ಇಪ್ಪತ್ತೋ ಸಾವಿರ ಹೋಯಿತು.

ಮುಂದಿನ ವರ್ಷ ತುಪ್ಪ, ಗೋಡಂಬಿ ತುಂಬಿಸಿದೆ. ಪಗಾರ ಚೆನ್ನಾಗಿ ಏರಿದ ನಾಲ್ಕೈದು ಮನೆಯವರು ಮಾಲ್‌ಗೆ ಹೋಗಿ ಅಲ್ಲೇ ತಗೊಂಡರು. ದುಡ್ಡು ಸ್ವಲ್ಪ ಹೆಚ್ಚಾದರೆ ನನ್ನ ಒಳ್ಳೆ ಮಾಲು ಬೇಕು, ಬಹಳ ಹೆಚ್ಚಾದರೆ ನನ್ನ ಅಂಗಡಿಯೇ ಬೇಡ, ಅಲ್ವಾ?

2019ರಲ್ಲಿ ಗಾಡಿಗಳ ಮಾರಾಟ ಬಿದ್ದು, ಅವುಗಳ ಬಿಡಿಭಾಗ ಮಾಡುವ ಇಲ್ಲಿನ ಕಾರ್ಖಾನೆಗಳಲ್ಲಿ ಓಟಿ ನಿಂತಿತು. ಆಗ ವಹಿ ತೆಗೆದು ಕೂತೆ. ಒಂದು ಮನೆಯ ಪುಟ ಹೀಗಿತ್ತು: ಜೂನ್‌ನಲ್ಲಿ ಶೇಂಗಾ ಎಣ್ಣೆ ಮೂರು ಲೀಟರ್. ಜುಲೈನಲ್ಲಿ ಶೇಂಗಾ ಒಂದು, ಪಾಮ್ ಎರಡು. ಆಗಸ್ಟ್‌ನಲ್ಲಿ ಮೂರೂ ಪಾಮ್. ಉಪ್ಪು ಮಾತ್ರ ಮೂರೂ ತಿಂಗಳು ಅದೇ ಒಂದು ಕೆಜಿ. ಇಂಥ ಇಪ್ಪತ್ತು ಪುಟ ಸಿಕ್ಕವು. ಶೇಂಗಾ ಅರ್ಧಕ್ಕೆ ಇಳಿಸಿ, ಪಾಮ್ ಪೌಚ್ ಡಬಲ್ ತರಿಸಿದೆ. ಅಕ್ಕಪಕ್ಕದವರು ಶೇಂಗಾ ಡಬ್ಬ ಕಾಯುತ್ತಾ ಕೂತರು, ನನಗೆ ತಿಂಗಳಿಗೆ ಆರೇಳು ಸಾವಿರ ಉಳಿಯಿತು. ಓಟಿ ಮತ್ತೆ ಶುರುವಾದಾಗ ಲೆಕ್ಕ ತಿರುಗಿಸಿದೆ, ಅಷ್ಟೇ.

ಜೋಳದಲ್ಲಿ ಮಾತ್ರ ನನ್ನ ಅಂದಾಜು ತಪ್ಪಿತು. ಪಗಾರ ಏರಿದರೆ ಜೋಳ ಬಿಟ್ಟು ಗೋಧಿಗೆ ಹೋಗುತ್ತಾರೆ ಅಂದುಕೊಂಡು ಸ್ಟಾಕ್ ಕಡಿಮೆ ಮಾಡಿ ನೋಡಿದೆ. ನಮ್ಮವರು ರೊಟ್ಟಿ ಬಿಡುತ್ತಾರೆಯೇ? ಸಾದಾ ಜೋಳ ಬಿಟ್ಟು ಮಾಲದಂಡಿ ಅನ್ನೋ ಒಳ್ಳೆ ತಳಿಯ ಜೋಳ ಕೇಳಿದರು. ಈಗಂತೂ ಅಪಾರ್ಟ್‌ಮೆಂಟ್ ಸೊಸೈಟಿಯ ಸಕ್ಕರೆ ಕಾಯಿಲೆಯವರು ಕಾರಿನಲ್ಲಿ ಬಂದು ಐದೈದು ಕೆಜಿ ಒಯ್ಯುತ್ತಾರೆ.

ಓಟಿ ಕಟ್ ಆಗುವುದು ಪಗಾರಕ್ಕೆ ಮೊದಲೇ ನನಗೆ ಗೊತ್ತಾಗುತ್ತದೆ. ಗೇಟಿನ ಹತ್ತಿರದ ಚಹಾ ಗಾಡಿಗೂ ಅದಕ್ಕೂ ಸಂಬಂಧ ಇದೆ, ಇಷ್ಟು ಸಾಕು. ಅಣ್ಣನಿಗೂ ಇನ್ನೂ ಹೇಳಿಲ್ಲ.