ಮರೆತುಹೋದ ಕಂಟ್ರಿ ಗಾಯಕರ ವೃತ್ತಿಜೀವನವನ್ನು ಹುಡುಕಿ ಬರೆಯುವ ಬಗೆ

ಅಮೆರಿಕದ ಹಳ್ಳಿಗಾಡಿನ ಜನಪದ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ 1940 ಮತ್ತು 50ರ ದಶಕಗಳ ಮಾತು ಬಂದರೆ ಹ್ಯಾಂಕ್ ವಿಲಿಯಮ್ಸ್, ಪ್ಯಾಟ್ಸಿ ಕ್ಲೈನ್ ಮುಂತಾದ ಕೆಲವೇ ಹೆಸರುಗಳು ನೆನಪಾಗುತ್ತವೆ. ಅದೇ ಕಾಲದಲ್ಲಿ ವರ್ಷಗಟ್ಟಲೆ ಹಾಡಿ ಹೊಟ್ಟೆ ಹೊರೆದ ಚಾರ್ಲೀನ್ ಆರ್ಥರ್, ಸ್ಕೀಟ್ಸ್ ಮೆಕ್‌ಡೊನಾಲ್ಡ್, ಟಿ. ಟೆಕ್ಸಾಸ್ ಟೈಲರ್ ಅವರಂಥವರ ವೃತ್ತಿಜೀವನವನ್ನು ಬರೆಯಹೊರಟವರು ಸಾಮಾನ್ಯವಾಗಿ ಜನಪ್ರಿಯ ಹಾಡುಗಳ ಪಟ್ಟಿಯಿಂದಲೇ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆರಂಭಿಸಬೇಕಾದದ್ದು ರೇಡಿಯೊ ಕೇಂದ್ರದಿಂದ.

ಆ ಕಾಲದ ಗಾಯಕರಿಗೆ ರೇಡಿಯೊದಿಂದ ನೇರವಾಗಿ ಸಿಗುತ್ತಿದ್ದ ಹಣ ಅಲ್ಪ. ಪ್ರಸಾರ ಕೇಳಿಸುವಷ್ಟು ದೂರದ ಊರುಗಳ ಶಾಲೆಗಳಲ್ಲಿ, ಜನ ಕುಣಿಯಲು ಸೇರುವ ಸಭಾಂಗಣಗಳಲ್ಲಿ ತಮ್ಮ ಕಾರ್ಯಕ್ರಮವಿದೆಯೆಂದು ಅದೇ ಪ್ರಸಾರದಲ್ಲಿ ಸಾರಿ, ಅಲ್ಲಿ ಹಾಡಿ ಸಂಪಾದಿಸುತ್ತಿದ್ದರು. ಆ ಸೀಮೆಯಲ್ಲಿ ಜನ ಸೇರುವುದು ಕಡಿಮೆಯಾದಾಗ ಬೇರೊಂದು ಕೇಂದ್ರಕ್ಕೆ ಗಂಟುಮೂಟೆ ಕಟ್ಟುತ್ತಿದ್ದರು. ಆದ್ದರಿಂದ ಗಾಯಕರು ಯಾವ ವರ್ಷ ಯಾವ ಕೇಂದ್ರದಲ್ಲಿದ್ದರು ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ. ನ್ಯಾಶ್‌ವಿಲ್‌ನ ಪ್ರಸಿದ್ಧ ರೇಡಿಯೊ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿ ಒಂದನ್ನೇ ನೋಡಿದರೆ ಸಾಲದು. ಶ್ರೀವ್‌ಪೋರ್ಟ್‌ನಲ್ಲಿ 1948ರಲ್ಲಿ ಆರಂಭವಾದ ಲೂಸಿಯಾನಾ ಹೇರೈಡ್, ವೀಲಿಂಗ್‌ನ ಜಾಂಬೊರಿ, ಡಲ್ಲಾಸ್‌ನ ಬಿಗ್ ಡಿ ಜಾಂಬೊರಿ, ಕ್ಯಾಲಿಫೋರ್ನಿಯಾದ ಟೌನ್ ಹಾಲ್ ಪಾರ್ಟಿ ಈ ಕಾರ್ಯಕ್ರಮಗಳೆಲ್ಲವೂ ಎರಡನೆಯ ಸಾಲಿನ ಗಾಯಕರಿಗೆ ಆಸರೆಯಾಗಿದ್ದವು. ಅಲಬಾಮಾದಿಂದ 1933ರಲ್ಲಿ ಸರಕು ರೈಲುಗಳನ್ನು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಮ್ಯಾಡಕ್ಸ್ ಕುಟುಂಬದ ಮಕ್ಕಳು 1937ರಲ್ಲಿಯೇ ಮೊಡೆಸ್ಟೊದ ರೇಡಿಯೊದಲ್ಲಿ ಹಾಡತೊಡಗಿದ್ದರೂ ಅವರ ರೆಕಾರ್ಡುಗಳು ಹೊರಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಬರೀ ರೆಕಾರ್ಡುಗಳನ್ನು ನಂಬಿದವರಿಗೆ ಆ ಕುಟುಂಬದ ಗಾಯಕಿ ರೋಸ್ ಮ್ಯಾಡಕ್ಸ್ ಅವರ ಮೊದಲ ವರ್ಷಗಳೇ ಕಾಣುವುದಿಲ್ಲ.

ರೆಕಾರ್ಡನ್ನು ಕೈಗೆತ್ತಿಕೊಂಡಾಗ ಲೇಬಲ್ ಮೇಲಿನ ಮಾರಾಟದ ಸಂಖ್ಯೆಯ ಜೊತೆಗೆ, ಹಾಡು ಮುಗಿಯುವ ಒಳಅಂಚಿನಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ (ಧ್ವನಿಮುದ್ರಣಕ್ಕೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಧ್ವನಿಮುದ್ರಣದ ಕಾಲವನ್ನು ಪತ್ತೆಹಚ್ಚಲು ನೆರವಾಗುವುದು ಈ ಎರಡನೆಯದು. ವಿಕ್ಟರ್, ಕೊಲಂಬಿಯಾ, ಡೆಕ್ಕಾದಂಥ ದೊಡ್ಡ ಕಂಪನಿಗಳ ದಾಖಲೆಗಳು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನ್‌ಲೈನ್ ಧ್ವನಿಮುದ್ರಣ ಕೋಶದಲ್ಲಿ ಬಹುಮಟ್ಟಿಗೆ ಸಿಗುತ್ತವೆ. 1942ರ ಆಗಸ್ಟ್‌ನಿಂದ ಸಂಗೀತಗಾರರ ಸಂಘ ಧ್ವನಿಮುದ್ರಣವನ್ನು ಬಹಿಷ್ಕರಿಸಿತ್ತು, 1948ರಲ್ಲಿ ಮತ್ತೊಮ್ಮೆ ಹಾಗೆಯೇ ಮಾಡಿತು. ಈ ಅವಧಿಗಳಲ್ಲಿ ರೆಕಾರ್ಡು ಕಾಣದಿದ್ದರೆ ಗಾಯಕರು ಹಾಡುವುದನ್ನು ಬಿಟ್ಟಿದ್ದರೆಂದು ಬರೆದುಬಿಡಬೇಡಿ. ಲೇಬಲ್ ಮೇಲಿನ ಗೀತರಚನಕಾರರ ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಫೋರ್ ಸ್ಟಾರ್ ಕಂಪನಿಯ ಒಡೆಯ ಬಿಲ್ ಮೆಕಾಲ್ ಇತರರು ಬರೆದ ಹಾಡುಗಳಲ್ಲಿ ಡಬ್ಲ್ಯು. ಎಸ್. ಸ್ಟೀವನ್‌ಸನ್ ಎಂಬ ಹುಸಿ ಹೆಸರಿನಿಂದ ಪಾಲು ಪಡೆಯುತ್ತಿದ್ದರು.

ಗಾಯಕರ ಹೆಸರುಗಳೇ ಅನೇಕ ವೇಳೆ ಹುಡುಕಾಟಕ್ಕೆ ತೊಡಕಾಗುತ್ತವೆ. ಟಿ. ಟೆಕ್ಸಾಸ್ ಟೈಲರ್ ಹುಟ್ಟಿದ್ದು ಅರ್ಕನ್ಸಾಸ್‌ನಲ್ಲಿ, ಡೇವಿಡ್ ಲ್ಯೂಕ್ ಮೈರಿಕ್ ಆಗಿ. ಸ್ಲಿಮ್ ವಿಲೆಟ್ ಅವರ ನಿಜನಾಮ ವಿನ್‌ಸ್ಟನ್ ಲೀ ಮೂರ್. ಜನನ, ಮರಣ, ಮದುವೆ, ಸೇನಾ ಸೇವೆಯ ದಾಖಲೆಗಳನ್ನು ಹುಟ್ಟುಹೆಸರಿನಲ್ಲಿಯೂ ಪತ್ರಿಕೆಗಳನ್ನು ವೇದಿಕೆಯ ಹೆಸರಿನಲ್ಲಿಯೂ ಹುಡುಕಬೇಕು.

ಇಷ್ಟಾದ ಮೇಲೆ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಗಳನ್ನು ನೋಡಬಹುದು. ಇಂಥ ಹಾಡುಗಳಿಗೆಂದೇ ಅದರ ಮೊದಲ ಪಟ್ಟಿ ಬಂದದ್ದು 1944ರ ಜನವರಿಯಲ್ಲಿ, ಅದೂ ಕಾಸು ಹಾಕಿ ಹಾಡು ಕೇಳುವ ಯಂತ್ರಗಳಾದ ಜ್ಯೂಕ್‌ಬಾಕ್ಸ್‌ಗಳಿಗೆ ಸೀಮಿತವಾಗಿ; 1949ರವರೆಗೆ ಅದನ್ನು ‘ಫೋಕ್’ (ಜಾನಪದ) ಎಂಬ ತಲೆಬರಹದಡಿ ಹುಡುಕಬೇಕು. ಮುಂದೆ ಅಂಗಡಿ ಮಾರಾಟ, ರೇಡಿಯೊ, ಜ್ಯೂಕ್‌ಬಾಕ್ಸ್ ಎಂದು ಬೇರೆಬೇರೆ ಪಟ್ಟಿಗಳಾದುದರಿಂದ ‘ಮೊದಲ ಸ್ಥಾನ’ ಎಂದಾಗ ಯಾವ ಪಟ್ಟಿಯಲ್ಲಿ ಎಂದು ಹೇಳಲೇಬೇಕು.

ಒಂದೇ ಹಾಡನ್ನು ಬೆನ್ನಟ್ಟುವುದರಿಂದಲೂ ಹಲವು ಜೀವನಗಳು ತೆರೆದುಕೊಳ್ಳುತ್ತವೆ. ಟೆಕ್ಸಾಸ್‌ನ ಆಬಿಲೀನ್‌ನಲ್ಲಿ ರೇಡಿಯೊ ಕೆಲಸದಲ್ಲಿದ್ದ ವಿಲೆಟ್ 1952ರಲ್ಲಿ ‘ಡೋಂಟ್ ಲೆಟ್ ದ ಸ್ಟಾರ್ಸ್ ಗೆಟ್ ಇನ್ ಯುವರ್ ಐಸ್’ ಹಾಡನ್ನು ಫೋರ್ ಸ್ಟಾರ್‌ಗೆ ಹಾಡಿದರು. ಅದನ್ನೇ ಕ್ಯಾಪಿಟಲ್ ಕಂಪನಿಗೆ ಹಾಡಿದ ಮೆಕ್‌ಡೊನಾಲ್ಡ್ ಕೂಡ ಕಂಟ್ರಿ ಪಟ್ಟಿಯ ತುದಿಗೇರಿದರು, ಪಾಪ್ ಗಾಯಕ ಪೆರಿ ಕೋಮೊ ಅದನ್ನು ದೇಶದ ಮನೆಮಾತಾಗಿಸಿದರು, ಅದಕ್ಕೆ ಉತ್ತರವಾಗಿ ಹಾಡಿದ ಗೋಲ್ಡಿ ಹಿಲ್ 1953ರಲ್ಲಿ ಮೊದಲ ಸ್ಥಾನ ಕಂಡರು. ಗಾಯಕ ಕಾರ್ಲ್ ಸ್ಮಿತ್ ಅವರನ್ನು 1957ರಲ್ಲಿ ಮದುವೆಯಾದ ಮೇಲೆ ಹಿಲ್ ವೇದಿಕೆಯಿಂದ ಬಹುಪಾಲು ದೂರವಾದರು. ಆ ಪೀಳಿಗೆಯ ಗಾಯಕಿಯರ ಹೆಸರು ಪಟ್ಟಿಯಿಂದ ಕಾಣೆಯಾದಾಗ ಸೋಲನ್ನು ಊಹಿಸುವ ಮೊದಲು ಕುಟುಂಬದ ದಾಖಲೆಗಳನ್ನು ತೆರೆಯುವುದು ಒಳ್ಳೆಯದು.

ಆನ್‌ಲೈನ್‌ನಲ್ಲಿ ಸಿಗದ ಪತ್ರ, ಚಿತ್ರ, ಸಂದರ್ಶನಗಳಿಗಾಗಿ ನ್ಯಾಶ್‌ವಿಲ್‌ನ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನ ಗ್ರಂಥಾಲಯಕ್ಕೂ ಚಾಪೆಲ್ ಹಿಲ್‌ನ ಉತ್ತರ ಕರೊಲಿನಾ ವಿಶ್ವವಿದ್ಯಾಲಯದ ಜಾನಪದ ಸಂಗ್ರಹಕ್ಕೂ ಬರೆದು ಕೇಳಬಹುದು. ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿಯ ಮರುಮುದ್ರಣಗಳ ಜೊತೆಗೆ ಬರುವ ಪುಸ್ತಿಕೆಗಳು ಗಾತ್ರದಲ್ಲಿಯೂ ವಿವರದಲ್ಲಿಯೂ ಸಣ್ಣ ಜೀವನಚರಿತ್ರೆಗಳೇ ಸರಿ.

ಕಡೆಗೆ ಕಾಲಾನುಕ್ರಮಣಿಕೆಯನ್ನು ಸಿದ್ಧಪಡಿಸುವಾಗ ಧ್ವನಿಮುದ್ರಣದ ದಿನ, ಬಿಡುಗಡೆಯ ದಿನ, ಆ ದಿನಗಳಲ್ಲಿ ಗಾಯಕರು ಇದ್ದ ಊರು ಎಂದು ಮೂರು ಪ್ರತ್ಯೇಕ ಕಾಲಂಗಳನ್ನು ಹಾಕಿ. ಜಾಕ್ ಗತ್ರಿ ‘ಓಕ್ಲಹೋಮ ಹಿಲ್ಸ್’ ಹಾಡಿದ್ದು 1944ರಲ್ಲಿ. ಅದು ಪಟ್ಟಿಯ ತುದಿಗೇರಿದ 1945ರಲ್ಲಿ ಅವರು ಸೈನಿಕರಾಗಿ ಪೆಸಿಫಿಕ್ ಸಾಗರದ ದ್ವೀಪವೊಂದರಲ್ಲಿದ್ದರು. 1948ರ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡರು. ಹಾಡು ಗೆದ್ದ ಮೇಲೂ ಅವರೇಕೆ ಕೂಡಲೇ ಊರೂರು ಸುತ್ತಿ ಹಾಡಲಿಲ್ಲವೆಂಬುದಕ್ಕೆ ಉತ್ತರ ಸಿಗುವುದು ಆ ಮೂರನೆಯ ಕಾಲಂನಲ್ಲಿ.